ಬರಿಗೈ ಪ್ರಯಾಣಿಕ

ಮಝಾರಾ, ಸಿಸಿಲಿ
ಆಗಸ್ಟ್ 28, 2022

ಪ್ರೀತಿಯ ಸೋದರಸೊಸೆ ಎಮ್ನಾಳಿಗೆ,

ಪತ್ರದ ತಲೆಯಲ್ಲೇ ಮನೆಮಂದಿಯ ಆರೋಗ್ಯವನ್ನು ಹೆಸರು ಹಿಡಿದು ವಿಚಾರಿಸಬೇಕು ಎಂದು ಸಲಕ್ತಾ ಹಳ್ಳಿಶಾಲೆಯಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದರು. ನಿಮ್ಮ ಮನೆಯಲ್ಲಿ ಇರುವವರೇ ಇಬ್ಬರು, ನೀನು ಮತ್ತು ನನ್ನ ಅಕ್ಕ ಶಾದ್ಲಿಯಾ. ವಿಚಾರಿಸಿದ್ದೇನೆ ಎಂದು ತಿಳಿ. ನಾನು ಆರನೇ ತರಗತಿಗೆ ಶಾಲೆ ಬಿಟ್ಟವನಾದರೂ ಇಂಥ ದುಂಡಗಿನ ಅಕ್ಷರ ಮಝಾರಾದಲ್ಲಿರುವ ನಮ್ಮ ತುನಿಸ್ ದೇಶದವರಲ್ಲಿ ಇನ್ನೊಬ್ಬನಿಗಿಲ್ಲ. ಮಸೀದಿಯವರು ನೋಟೀಸು ಬರೆಸುವುದೂ ನನ್ನ ಕೈಯಲ್ಲೇ.

ಫೋನು ಇರುವಾಗ ಕಾಗದ ಯಾಕೆ ಮಾಮ ಎಂದು ಕೇಳಿದ್ದೆ. ಫೋನಿನಲ್ಲಿ ನಾನು ಏನಾದರೂ ಹೇಳಲು ಹೊರಟರೆ ಅರ್ಧಕ್ಕೇ ‘ಸುಳ್ಳು’ ಅನ್ನುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಅಲ್ಲದೆ ನನ್ನ ಫೋನು ಬಂತೆಂದರೆ ನಿನ್ನ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ಕಾಗದ ನೀನು ಗಟ್ಟಿಯಾಗಿ ಓದಿದರೆ ಮಾತ್ರ ಕೂತಲ್ಲೇ ಕೂತಿರುತ್ತಾಳೆ ಎಂದು ನೀನೇ ಹೇಳಿದ್ದು. ಈಗ ಗಂಟಲು ಸರಿಮಾಡಿಕೊಂಡು ಓದು.

ಅಕ್ಟೋಬರಿನಲ್ಲಿ ನಾನು ಬರುತ್ತಿದ್ದೇನೆ. ಎಲ್ಲರೂ ಬರುವ, ಡೀಸೆಲ್ ವಾಸನೆಯ ಆ ಹಡಗಿನಲ್ಲಲ್ಲ. ಪಲೆರ್ಮೋದಿಂದ ಹೊರಡುವ ವಿಹಾರದ ಹಡಗಿನಲ್ಲಿ. ಒಂದರ ಮೇಲೊಂದು ಅಂತಸ್ತು, ನೆತ್ತಿಯ ಮೇಲೆ ಈಜುಕೊಳ. ಸಮುದ್ರದ ಮೇಲೆ ಈಜುಕೊಳ ಕಟ್ಟಿದವನ ಮುಖವನ್ನು ಒಮ್ಮೆ ನೋಡಬೇಕು. ಈ ಹಾಳು ಕಾಯಿಲೆಯಿಂದ ಎರಡು ವರ್ಷ ಆ ಹಡಗುಗಳು ಖಾಲಿ ಬಿದ್ದಿದ್ದವು. ಈಗ ಜನ ಹತ್ತಲು ಹೆದರುತ್ತಾರೆ, ಹಡಗಿನವರು ಟಿಕೆಟಿನ ಬೆಲೆ ಇಳಿಸಿ ಕೈಹಿಡಿದು ಕರೆಯುತ್ತಾರೆ. ಗಂಡಸಾದವನು ಇಂಥ ಸಮಯದಲ್ಲೇ ಹತ್ತಬೇಕು.

ಬೇಸಿಗೆಯಲ್ಲಿ ನಮ್ಮವರು ಊರಿಗೆ ಬರುವ ಚಂದ ನಿನಗೆ ಗೊತ್ತಲ್ಲ. ಕಾರಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಫ್ರಿಜ್ಜು, ಅದರ ಮೇಲೆ ಕಾಲು ಮೇಲಾದ ಸೈಕಲ್ಲು. ಕಾರು ಎಷ್ಟು ಕುಸಿದಿದೆಯೋ ಮನುಷ್ಯನ ತಲೆ ಅಷ್ಟು ಎತ್ತರ. ಬೀದಿಯವರೆಲ್ಲ ಹೊಸ್ತಿಲಲ್ಲಿ ನಿಂತು ಹಗ್ಗ ಬಿಚ್ಚುವುದನ್ನೇ ಕಾಯುತ್ತಾರೆ. ನನಗೆ ಆ ಹಮಾಲಿ ಸಾಕಾಗಿದೆ ಮಗಳೆ. ವಿಹಾರಕ್ಕೆ ಹೊರಟವನಾದರೆ ಕುತ್ತಿಗೆಗೊಂದು ಕ್ಯಾಮೆರಾ ನೇತುಹಾಕಿಕೊಂಡು ಕೈಬೀಸಿಕೊಂಡು ಇಳಿಯುತ್ತಾನೆ. ‘ಏನು ತಂದೆ’ ಎಂದು ಟೂರಿಸ್ಟನ್ನು ಯಾರಾದರೂ ಕೇಳಿದ್ದುಂಟೆ?

ಹಡಗು ನಿಮ್ಮ ಹಲ್ಕ್ ಎಲ್ ವಾದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತದೆ. ಬಂದರಿನಿಂದ ನಿಮ್ಮ ಮನೆಗೆ ಒಂದು ಸಿಗರೇಟಿನ ದಾರಿ. ಅಕ್ಕ ಮ್ಲೋಖಿಯಾ ಸೊಪ್ಪಿನ ಸಾರು ಮಾಡಿದರೆ ನಾನು ಬೇಡವೆನ್ನುವುದಿಲ್ಲ ಎಂದು ಹೇಳು.

ವಿಹಾರದ ಹಡಗಿನ ಅತಿಥಿ,
ನಿನ್ನ ಮೊಂಜಿ ಮಾಮ

ಹಲ್ಕ್ ಎಲ್ ವಾದಿ, ತುನಿಸ್
ಸೆಪ್ಟೆಂಬರ್ 9, 2022

ಮಾಮ,

ಗಟ್ಟಿಯಾಗಿಯೇ ಓದಿದೆ. ಅಮ್ಮ ಮೆಣಸಿನಕಾಯಿಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದಳು. ಈಜುಕೊಳದವರೆಗೆ ಸೂಜಿ ಓಡುತ್ತಲೇ ಇತ್ತು. ಟೂರಿಸ್ಟು ಅನ್ನುವ ಮಾತು ಬಂದಾಗ ಸೂಜಿ ನಿಂತಿತು.

“ಟೂರಿಸ್ಟಿಗೆ ನಮ್ಮನೇಲಿ ಊಟ ಹಾಕಲ್ಲ ಅಂತ ಬರಿ. ಬಂದರಲ್ಲಿ ಹೋಟ್ಲಿದೆ.”

“ಅಮ್ಮ, ಪಾಪ ಬರ್ತೀನಿ ಅಂತಿದ್ದಾನೆ.”

“ಅವನು ಬರದೆ ಮೂರು ಬೇಸಿಗೆ ಆಯ್ತು. ಮೊದಲೆರಡು ಬೇಸಿಗೆ ದಾರಿ ಮುಚ್ಚಿತ್ತು, ಸರಿ. ಈ ಬೇಸಿಗೇಲಿ ಯಾರು ಮುಚ್ಚಿದ್ರು? ಹಯಾತ್ ಮಗ ಬಂದ, ಆ ಕುಂಟ ಬಷೀರೂ ಬಂದ. ಇವನಿಗೇನು ಬಂದಿತ್ತು?”

ನಮ್ಮ ಬೀದಿಯ ಹಯಾತ್ ಅತ್ತೆಯ ಮಗ ಮಝಾರಾದಿಂದ ಬಂದಾಗ ನಿನ್ನ ಮೀನುದೋಣಿಯ ಬಗ್ಗೆ, ನಿನ್ನ ಕಾರಿನ ಬಗ್ಗೆ ಏನೋ ಹೇಳಿದ. ನಾನು ಅಮ್ಮನಿಗೆ ಹೇಳಿಲ್ಲ. ನೀನು ಹೇಳುವುದಿದ್ದರೆ ನನಗೆ ಬೇರೆ ಕಾಗದದಲ್ಲಿ ಬರೆಯಬಹುದು, ಅದನ್ನು ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.

ಇನ್ನೊಂದು ಮಾತು. ಮಾರನೇ ದಿನ ಅಮ್ಮ ಸಂತೆಗೆ ಹೋಗಿ ಮ್ಲೋಖಿಯಾ ಪುಡಿ ತಂದಳು. ಯಾಕೆ ಎಂದರೆ, ಮನೆಯಲ್ಲಿ ಮುಗಿದಿತ್ತು ಅಂದಳು. ಮುಗಿದಿರಲಿಲ್ಲ.

ನಿನ್ನ ಎಮ್ನಾ

ಮಝಾರಾ
ಸೆಪ್ಟೆಂಬರ್ 22, 2022

ಎಮ್ನಾ,

ದೋಣಿ ಚೆನ್ನಾಗಿದೆ. ಅದು ಎಲ್ಲಿದೆ ಎಂದು ಬೇರೆಯವರ ಮಕ್ಕಳು ತಲೆ ಕೆಡಿಸಿಕೊಳ್ಳುವುದು ಬೇಡ. ಈಗ ನಾನು ದಡದ ಮೇಲಿನ ಜವಾಬ್ದಾರಿ ನೋಡಿಕೊಳ್ಳುತ್ತೇನೆ. ಮೀನಿನ ಮಂಡಿಯಲ್ಲಿ ಯಾವ ಪೆಟ್ಟಿಗೆಗೆ ಎಷ್ಟು ಮಂಜುಗಡ್ಡೆ ಸೇರಬೇಕು ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿದೆ. ಇದು ಸಣ್ಣ ಕೆಲಸವಲ್ಲ.

ಹಡಗಿನವರಿಂದ ಒಂದು ತಕರಾರು ಬಂದಿದೆ. ಟಿಕೆಟಿನ ಜೊತೆ ಕಳಿಸಿದ ನಿಯಮ ಓದಿದೆ. ಕಾಯಿಲೆಯ ನಂತರ ಈ ಹಡಗು ನಿಮ್ಮ ಬಂದರಿಗೆ ಬರುವುದು ಇದೇ ಮೊದಲಂತೆ. ಅದಕ್ಕೆ ಪ್ರಯಾಣಿಕರು ತಮ್ಮಷ್ಟಕ್ಕೆ ಊರಿನಲ್ಲಿ ಅಡ್ಡಾಡುವ ಹಾಗಿಲ್ಲ. ಹಡಗಿನವರದೇ ಬಸ್ಸು, ಅವರದೇ ಗೈಡು, ಅವರು ಇಳಿಸಿದಲ್ಲಿ ಇಳಿದು ಹತ್ತಿಸಿದಲ್ಲಿ ಹತ್ತಬೇಕು. ಗುಂಪು ಬಿಟ್ಟು ಹೋದವನನ್ನು ಮತ್ತೆ ಹಡಗಿಗೆ ಸೇರಿಸುವುದಿಲ್ಲ. ಊರ ಗಾಳಿ ಅವರಿಗೆ ಅಂಟಬಾರದಂತೆ. ನಾನು ಆ ಗಾಳಿಯಲ್ಲೇ ಹುಟ್ಟಿದವನು ಎಂದು ಬರೆಯಲು ನಿಯಮದ ಹಾಳೆಯಲ್ಲಿ ಜಾಗವಿಲ್ಲ.

ನಾನು ಹೆದರುವ ಆಳಲ್ಲ. ಉಪಾಯ ಮಾಡಿದ್ದೇನೆ. ಬಸ್ಸು ಕಾರ್ಥೇಜಿನ ಕಲ್ಲು ತೋರಿಸಿ ಸೀದಿ ಬೂ ಸಯೀದ್‌ನಲ್ಲಿ ಬೊಂಬಲೋನಿ ಅಂಗಡಿಯ ಮುಂದೆ ನಿಲ್ಲುತ್ತದೆ. ಎಲ್ಲರೂ ಸಾಲಾಗಿ ನಿಂತು ಎಣ್ಣೆಯಲ್ಲಿ ಕರಿದ ಬಿಸಿ ಬೊಂಬಲೋನಿ ತಿನ್ನುವುದು ಕಾರ್ಯಕ್ರಮದಲ್ಲೇ ಇದೆ. ನೀನು ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಬಾ. ಗಿರಾಕಿಗಳ ಹಾಗೆ ನಿಂತಿರಿ. ನಾನು ಪಕ್ಕದಲ್ಲಿ ಬಂದು ನಿಲ್ಲುತ್ತೇನೆ. ಬೊಂಬಲೋನಿ ತಿಂದು ಮುಗಿಯುವಷ್ಟು ಹೊತ್ತು ಸಿಗುತ್ತದೆ. ನಾನು ನಿಧಾನವಾಗಿ ತಿನ್ನುತ್ತೇನೆ.

ಉಪಾಯಗಾರ,
ಮೊಂಜಿ ಮಾಮ

ಹಲ್ಕ್ ಎಲ್ ವಾದಿ
ಅಕ್ಟೋಬರ್ 3, 2022

ಮಾಮ,

ನಿನ್ನ ಉಪಾಯ ಓದಿ ಹೇಳಿದೆ. ಅಮ್ಮನ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

“ಬೊಂಬಲೋನಿ ಅಂಗಡಿ ಮುಂದೆ ಕದ್ದು ನೋಡೋಕೆ ನಾನೇನು ಅವನ ಹಳೇ ಹುಡುಗೀನಾ? ಬರೋದಾದ್ರೆ ಮನೆ ಬಾಗಿಲಿಗೆ ಬರ್ಲಿ. ಇಲ್ಲಾಂದ್ರೆ ಆ ಹಡಗಿನವರ ಜೊತೆ ಕಲ್ಲು ನೋಡ್ಕೊಂಡು ಹೋಗ್ಲಿ.”

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆದರೆ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಎರಡು ಸಲ ಕೇಳಿದಳು. ಬಂದರಿನಿಂದ ಹೊರಟ ಬಸ್ಸು ನಮ್ಮ ಬೀದಿಯ ಮೂಲೆ ಹಾದೇ ಹೋಗಬೇಕಲ್ಲ ಅಂದೆ. “ನನಗ್ಯಾಕೆ” ಅಂದಳು.

ಎಮ್ನಾ

ಹಡಗಿನಲ್ಲಿ ಬರೆದು ನೇಪಲ್ಸ್ ಬಂದರಿನಲ್ಲಿ ಅಂಚೆಗೆ ಹಾಕಿದ್ದು
ಅಕ್ಟೋಬರ್ 14, 2022

ಎಮ್ನಾ,

ಕಾಗದದ ಮೇಲೆ ಹಡಗಿನ ಚಿತ್ರ ಅಚ್ಚಾಗಿದೆ, ನೋಡು. ಕೋಣೆಯಲ್ಲಿ ಬಿಟ್ಟಿ ಇಟ್ಟಿರುತ್ತಾರೆ. ಕೋಣೆಗೆ ಕಿಟಕಿ ಇಲ್ಲ. ಕಿಟಕಿ ಇದ್ದವರಿಗೆ ಬೆಳಗಾದರೆ ಬೆಳಕಿನ ಕಾಟ, ನಾನೇ ಬೇಡ ಅಂದೆ.

ಹತ್ತುವಾಗಲೇ ಹಣೆಗೆ ಪಿಸ್ತೂಲು ಹಿಡಿದರು, ಜ್ವರ ನೋಡುವ ಪಿಸ್ತೂಲು. ಮೂಗಿನೊಳಗೆ ಕಡ್ಡಿ ಹಾಕಿ ಏನೋ ಕಳೆದುಕೊಂಡವರ ಹಾಗೆ ಹುಡುಕಿದರು. ಊಟದ ಮನೆಯ ಬಾಗಿಲಲ್ಲಿ ಫಿಲಿಪ್ಪೀನ್ಸಿನ ಹೆಂಗಸೊಬ್ಬಳು ಹಾಡು ಹೇಳುತ್ತ ಎಲ್ಲರ ಅಂಗೈಗೂ ಔಷಧಿ ಸುರಿಯುತ್ತಾಳೆ. ಆ ಹಾಡಿಗಾಗಿಯೇ ನಾನು ಎರಡು ಸಲ ಒಳಗೆ ಹೋದೆ. ಒಳಗೆ ಲೆಕ್ಕವಿಲ್ಲದಷ್ಟು ಅಡಿಗೆ, ಆದರೆ ಮುಟ್ಟುವ ಹಾಗಿಲ್ಲ. ಬೆರಳು ತೋರಿಸಿದರೆ ಗಾಜಿನ ಆಚೆಯವನು ಬಡಿಸುತ್ತಾನೆ. ಮೀನೂ ಇತ್ತು. ಹಿಡಿದು ಎಷ್ಟು ದಿನವಾಗಿದೆ ಎಂದು ಕಣ್ಣು ನೋಡಿ ಹೇಳುತ್ತಿದ್ದೆ, ಜಾಣರು ತಲೆ ತೆಗೆದಿದ್ದರು.

ಹಡಗಿನಲ್ಲಿ ಎಲ್ಲವೂ ಇದೆ, ಸಮುದ್ರವೊಂದು ಸಿಗಲಿಲ್ಲ. ಅಲೆ ಕಾಲಿಗೆ ಗೊತ್ತಾಗುವುದಿಲ್ಲ, ಉಪ್ಪಿನ ವಾಸನೆ ಮೂಗಿಗೆ ಬರುವುದಿಲ್ಲ. ಮೇಲಿನ ಅಂತಸ್ತಿಗೆ ಹೋಗಿ ಬಗ್ಗಿ ನೋಡಿದರೆ ಬಹಳ ಕೆಳಗೆ, ಬೇರೆ ಯಾರದೋ ಹೊಲದ ಹಾಗೆ ಬಿದ್ದುಕೊಂಡಿತ್ತು. ಅಲ್ಲೊಂದು ಸಣ್ಣ ದೋಣಿಯವರು ಬಲೆ ಎಳೆಯುತ್ತಿದ್ದರು. ಕೂಗಿದೆ. ಕೇಳಿಸುವ ಎತ್ತರವಲ್ಲ.

ಊಟದ ಮೇಜಿನಲ್ಲಿ ನನ್ನ ಎದುರು ಸಿನ್ಯೋರಾ ಅಸ್ಸುಂತಾ ಎಂಬ ಹಿರಿಯ ಹೆಂಗಸು. ಬೆರ್ಗಾಮೋ ಕಡೆಯವಳು. ಗಂಡ ಇಬ್ಬರಿಗೂ ಟಿಕೆಟು ತೆಗೆದಿಟ್ಟಿದ್ದನಂತೆ. ಕಾಯಿಲೆ ಬಂದು ಹಡಗು ನಿಂತಿತು, ಗಂಡನೂ ಹೋದ. ಈಗ ಹಡಗು ಮತ್ತೆ ಹೊರಟಿದೆ, ಇವಳೊಬ್ಬಳೇ ಬಂದಿದ್ದಾಳೆ. ನನ್ನನ್ನು ಹಡಗುಗಳ ಮಾಲೀಕ ಅಂದುಕೊಂಡಿದ್ದಾಳೆ. ಅಂದುಕೊಳ್ಳದೆ ಏನು, ನಾನು ಹೇಳಿದ್ದೇ ಹಾಗೆ.

“ಒಟ್ಟು ಎಷ್ಟು ಹಡಗು ನಿಮ್ದು?” ಅಂದಳು.

“ಎಣಿಸೋಕೆ ಹೋಗಿಲ್ಲ ಸಿನ್ಯೋರಾ” ಅಂದೆ.

ಇದರಲ್ಲಿ ಸುಳ್ಳೇನಿದೆ ಹೇಳು.

ನಮ್ಮ ಊರು ಬರುವ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೇಲೆ ಹೋಗಿ ನಿಂತೆ. ಬೂ ಕೊರ್ನೀನ್ ಬೆಟ್ಟದ ಎರಡು ಕೋಡು ಮಂಜಿನಿಂದ ಎದ್ದು ಬಂದವು. ಪಕ್ಕದಲ್ಲಿದ್ದವನು ಫೋಟೋ ತೆಗೆದು, ಇದು ಯಾವ ಊರು ಎಂದು ಕೇಳಿದ. ನಾನು ಹಡಗಿನ ಅಂಗಡಿಯಲ್ಲಿ ಕೊಂಡ ಹುಲ್ಲಿನ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡೆ. ಬೆಳಗಾದರೆ ಬೆಳಕಿನ ಕಾಟ ಎಂದು ಹೇಳಿದೆನಲ್ಲ, ಅದಕ್ಕೆ.

ಬಸ್ಸು ನಿಮ್ಮ ಬೀದಿಯ ಕಡೆ ಬರಲಿಲ್ಲ. ಹೆದ್ದಾರಿ ಹಿಡಿದು ಹೋಯಿತು, ಹೆದ್ದಾರಿಯಲ್ಲೇ ಹಿಂತಿರುಗಿತು. ಗೈಡು ನಮ್ಮ ದೇಶದವಳೇ. ನನ್ನ ದೇಶದ ವಿಚಾರವಾಗಿ ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ತಿಳಿಸಿದಳು. ಬೊಂಬಲೋನಿ ಚೆನ್ನಾಗಿತ್ತು. ಅಕ್ಕ ಮನೆಯಲ್ಲೇ ಇದ್ದದ್ದು ಒಳ್ಳೆಯದಾಯಿತು. ಬಿಸಿಲು ಜೋರಿತ್ತು.

ಬಸ್ಸು ಬೇರೆ ದಾರಿಯಲ್ಲಿ ಹೋಯಿತು ಎಂದು ಅವಳಿಗೆ ಮರೆಯದೆ ಹೇಳು.

ಸಮುದ್ರಗಳ ಅತಿಥಿ,
ಮೊಂಜಿ ಮಾಮ

ಹಲ್ಕ್ ಎಲ್ ವಾದಿ
ಅಕ್ಟೋಬರ್ 27, 2022

ಮಾಮ,

ಈ ಸಲ ಮೊದಲು ನಾನೊಬ್ಬಳೇ ಓದಿಕೊಂಡೆ. ಆಮೇಲೆ ಅಮ್ಮನಿಗೆ ಸಿನ್ಯೋರಾವರೆಗೆ ಓದಿ ಮಡಿಸಿಟ್ಟೆ. ಉಳಿದದ್ದು ಎಲ್ಲಿ ಎಂದು ಅವಳೂ ಕೇಳಲಿಲ್ಲ.

ಆ ದಿನದ್ದನ್ನು ನಾನು ನಿನಗೆ ಬರೆಯಲೇಬೇಕು. ಅಮ್ಮ ಮ್ಲೋಖಿಯಾವನ್ನು ಹಿಂದಿನ ದಿನವೇ ಒಲೆಗೆ ಇಟ್ಟಿದ್ದಳು. ಬೆಳಿಗ್ಗೆ ಚಾವಣಿ ಹತ್ತಿದರೆ, ಬಂದರಿನಲ್ಲಿ ನಿನ್ನ ಹಡಗು ಇನ್ನೊಂದು ಊರಿನ ಹಾಗೆ ನಿಂತಿತ್ತು. ಸ್ವಲ್ಪ ಹೊತ್ತು ನೋಡಿ ಇಳಿದು ಬಂದು ಅಮ್ಮ ಒಳ್ಳೆಯ ಬಟ್ಟೆ ಉಟ್ಟಳು.

“ಒಂದು ಕುರ್ಚಿ ತಗೊಂಡು ಬಾ.”

“ಎಲ್ಲಿಗಮ್ಮ?”

“ಮೂಲೆಗೆ. ಬಿಸಿಲು ಕಾಯೋಕೆ.”

ಬೀದಿಯ ಮೂಲೆಯಲ್ಲಿ, ರೈಲ್ವೆ ಗೇಟಿನ ಪಕ್ಕ ಕೂತಳು. ಹಯಾತ್ ಅತ್ತೆ ಬಂದು “ಯಾರಿಗೆ ಕಾಯ್ತಿದ್ದೀಯೇ ಶಾದ್ಲಿಯಾ, ಮದುವಣಗಿತ್ತಿ ಹಾಗೆ?” ಅಂದರೆ “ಬಸ್ಸಿಗೆ” ಅಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನಿಮ್ಮ ಬಸ್ಸು ಬಂದರಿನಿಂದ ಹೊರಟು ನಮ್ಮ ಮುಂದೆ ಹೋಗುವಾಗ ಅಮ್ಮ ತಲೆಯ ಬಟ್ಟೆ ಸರಿಮಾಡಿಕೊಳ್ಳುವ ನೆಪದಲ್ಲಿ ನೆಲ ನೋಡಿದಳು. ಹುಲ್ಲಿನ ಟೋಪಿಯೊಂದು ಕಿಟಕಿಯಲ್ಲಿ ದಾಟಿ ಹೋದದ್ದನ್ನು ನಾನು ನೋಡಿದೆ. ಬಸ್ಸು ಮರೆಯಾದ ಮೇಲೆ ಅಮ್ಮ ಹೇಳಿದಳು, “ಇನ್ನೊಂದು ಕುರ್ಚಿ ತಾ.”

“ಯಾಕೆ?”

“ಬರುವಾಗ ಇಳಿದ್ರೆ ನಿಂತೇ ಇರ್ಬೇಕಾ ಅವನು?”

ತಂದು ಪಕ್ಕದಲ್ಲಿಟ್ಟೆ. ಆ ಕುರ್ಚಿಯ ಮೇಲೆ ಬಂದು ಕೂತ ಬೆಕ್ಕನ್ನು ಓಡಿಸುತ್ತ ಅಮ್ಮ ಮಧ್ಯಾಹ್ನ ಕಳೆದಳು.

ನಿಮ್ಮ ಬಸ್ಸು ವಾಪಸು ಬರುವಾಗ ಗೇಟು ಬಿದ್ದಿತ್ತು. ಬಸ್ಸು ನಮ್ಮೆದುರಿಗೇ ನಿಂತಿತು. ಡ್ರೈವರು ಬಾಗಿಲು ತೆಗೆದು, ಮೆಟ್ಟಿಲ ಮೇಲೆ ನಿಂತು ಸಿಗರೇಟು ಹಚ್ಚಿದ. ನೀನು ಎದ್ದು ನಿಂತೆ. ಅಮ್ಮ ತಲೆ ಎತ್ತಿದಳು. ಆಗ ಬಸ್ಸಿನಲ್ಲಿದ್ದವರೆಲ್ಲ ಇದ್ದಕ್ಕಿದ್ದ ಹಾಗೆ ನಮ್ಮ ಕಡೆ ತಿರುಗಿ ಕೈ ಬೀಸತೊಡಗಿದರು. ಮುದುಕರು, ಮುದುಕಿಯರು, ಎಲ್ಲರೂ.

“ಯಾರೇ ಇವರೆಲ್ಲ? ನನಗ್ಯಾಕೆ ಕೈ ಬೀಸ್ತಿದ್ದಾರೆ?” ಅಂದಳು ಅಮ್ಮ. ಒಂದೊಂದೇ ಕಿಟಕಿ ನೋಡುತ್ತ, “ಅವನೊಬ್ಬ ಯಾಕೆ ಬೀಸ್ತಿಲ್ಲ?”

ರೈಲು ಹೋಯಿತು, ಗೇಟು ಎದ್ದಿತು. ನಿಮ್ಮ ಹಡಗು ಕೂಗುವವರೆಗೆ ಅಮ್ಮ ಅಲ್ಲೇ ಕೂತಿದ್ದಳು. ಆಮೇಲೆ ಒಬ್ಬೊಬ್ಬರು ಒಂದೊಂದು ಕುರ್ಚಿ ಹೊತ್ತು ಮನೆಗೆ ಬಂದೆವು. ಮ್ಲೋಖಿಯಾವನ್ನು ಬೀದಿಯವರಿಗೆ ಹಂಚಿದಳು.

ಗುಂಪು ಬಿಟ್ಟವರನ್ನು ಹಡಗಿಗೆ ಸೇರಿಸುವುದಿಲ್ಲ ಎಂಬುದು ಬೇರೆಯವರಿಗೆ ಹೆದರಿಕೆ ಮಾಮ. ನಿನ್ನನ್ನು ಅವರು ಬಿಟ್ಟು ಹೋಗಿದ್ದರೆ ಎಲ್ಲಿ ಬಿಟ್ಟ ಹಾಗಾಗುತ್ತಿತ್ತು?

ಇಷ್ಟು ಬರೆದು ಮುಗಿಸುವಾಗ ಅಮ್ಮ ಬಂದು ಕೂತಳು. ತಾನೂ ಹೇಳುತ್ತೇನೆ, ಬರೆ ಅಂದಳು. ಅವಳು ಹೇಳಿದ್ದು ಇದು:

“ಮೊಂಜಿ, ಆ ಟೋಪಿ ನಿನಗೆ ಒಪ್ಪಲ್ಲ. ನಿಮ್ಮ ದೋಣೀನ ಗುಜರಿಗೆ ಒಡೆದು ಹಾಕಿದ್ದು, ನೀನು ಕಾರು ಮಾರಿದ್ದು ನನಗೆ ಹೋದ ವರ್ಷವೇ ಗೊತ್ತು. ಹಯಾತ್ ಮಗನಿಗೆ ಫೋನಲ್ಲೂ ಹೊಟ್ಟೇಲಿ ಮಾತು ನಿಲ್ಲಲ್ಲ. ನಮ್ಮನೇಲಿ ಫ್ರಿಜ್ಜಿದೆ. ಹಾಸಿಗೆ ಇದೆ. ಎಮ್ನಾಗೆ ಸೈಕಲ್ ಹೊಡೆಯೋಕೆ ಬರಲ್ಲ.”

ಮುಂದೇನು ಅಂದೆ. “ಇಷ್ಟೇ. ಅಂಚೆಗೆ ಹಾಕು” ಅಂದಳು.

ಎಮ್ನಾ

ಪಲೆರ್ಮೋ ಬಂದರು
ಡಿಸೆಂಬರ್ 17, 2022

ಎಮ್ನಾ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಇಷ್ಟು ದಿನವಾಯಿತು. ಬರೆಯಲು ಕೂತಾಗಲೆಲ್ಲ ಅಕ್ಷರ ಚೆನ್ನಾಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಬಸ್ಸು ಗೇಟಿನಲ್ಲಿ ನಿಂತಾಗ ನಾನು ಎದ್ದು ನಿಂತೆನಲ್ಲ, ಪಕ್ಕದಲ್ಲಿ ಕೂತಿದ್ದ ಅಸ್ಸುಂತಾ “ಕೂತ್ಕೊಳ್ಳಿ ಕಪ್ತಾನರೇ, ಗೈಡ್ ಬೈತಾಳೆ” ಎಂದು ನನ್ನ ತೋಳು ಹಿಡಿದಳು. ನಾನು ಕೂರಲಿಲ್ಲ. ಹೊರಗೆ ನೋಡಿದಳು. “ಯಾರದು, ಆ ಕುರ್ಚಿ ಮೇಲಿರೋರು?” ಅಂದಳು. ನನ್ನ ಅಕ್ಕ ಅಂದೆ. ಬೇರೆ ಏನು ಹೇಳಲೂ ಆಗಲಿಲ್ಲ ನೋಡು, ಸುಳ್ಳು ಹುಡುಕಿದರೆ ಸಿಗಲಿಲ್ಲ. ಅವಳು ಹಿಂದಿನವರಿಗೆ ಹೇಳಿದಳು, ಅವರು ಅವರ ಹಿಂದಿನವರಿಗೆ. ಇವರ ಅಕ್ಕ, ಇವರ ಅಕ್ಕ ಎಂದು ಇಡೀ ಬಸ್ಸೇ ಎದ್ದು ಕೈ ಬೀಸಿತು. ಗುರುತು ಪರಿಚಯವಿಲ್ಲದವರಿಗೆಲ್ಲ ಅದೆಷ್ಟು ಸುಲಭವಾಗಿ ಬಂತು. ನನ್ನ ಕೈ ಏಳಲಿಲ್ಲ. ಎತ್ತಿದರೆ ಅದರಲ್ಲಿ ಏನೂ ಇಲ್ಲವೆಂದು ಕಾಣುತ್ತಿತ್ತು.

ಅಸ್ಸುಂತಾ ಆಮೇಲೆ ನನ್ನ ಹಡಗುಗಳ ಬಗ್ಗೆ ಕೇಳಲಿಲ್ಲ. ಸಂಜೆ ಊಟದಲ್ಲಿ ತನ್ನ ಪಾಲಿನ ಕಿತ್ತಳೆಹಣ್ಣನ್ನು ಸುಲಿದು ನನ್ನ ತಟ್ಟೆಯಲ್ಲಿಟ್ಟಳು.

ಈಗ ನಾನು ಕೂತಿರುವುದು ಪಲೆರ್ಮೋದಲ್ಲಿ, ತುನಿಸ್ ಹಡಗಿಗೆ ಕಾಯುವವರ ಬೆಂಚಿನ ಮೇಲೆ. ಡೀಸೆಲ್ ವಾಸನೆಯ ಅದೇ ಹಡಗು. ಚಳಿಗಾಲವಾದರೂ ಹೊರಗೆ ಕಾರುಗಳ ಸಾಲು ಇದೆ, ಮೇಲೆ ನೀಲಿ ತಾಡಪಾಲು ಕಟ್ಟಿವೆ. ನಿನ್ನೆ ಅಕ್ಕನಿಗೆಂದು ಅಂಗಡಿಯಲ್ಲಿ ಒಂದು ಡಬ್ಬಿ ಸೋಪು ಕೈಗೆ ತೆಗೆದುಕೊಂಡೆ. ಮತ್ತೆ ಅಲ್ಲೇ ಇಟ್ಟೆ. ಒಂದು ತಂದರೆ ಇಷ್ಟೇನಾ ಅನ್ನಿಸುತ್ತದೆ, ಏನೂ ತರದಿದ್ದರೆ ಹಾಗೆ ಅನ್ನಿಸುವುದಕ್ಕೂ ಜಾಗವಿಲ್ಲ.

ಪಕ್ಕದಲ್ಲಿ ಸ್ಫಾಕ್ಸ್ ಕಡೆಯ ಒಬ್ಬ ಬಂದು ಕೂತ. ಒಳ್ಳೆಯವನು.

“ನಿಮ್ಮ ಕಾರು ಯಾವ ಸಾಲಲ್ಲಿದೆ ಚಿಕ್ಕಪ್ಪ?”

“ಕಾರಿಲ್ಲ.”

“ಸಾಮಾನು ಹಾಕಿ ಆಯ್ತಾ?”

“ಸಾಮಾನೂ ಇಲ್ಲ.”

ಅವನು ಕೂಡಲೇ ದನಿ ತಗ್ಗಿಸಿದ. ನನ್ನ ಭುಜ ಮುಟ್ಟಿ, “ದೇವರು ಸಮಾಧಾನ ಕೊಡಲಿ. ಯಾರು ತೀರಿಕೊಂಡ್ರು?” ಅಂದ. ಅವನ ತಪ್ಪಲ್ಲ. ನಮ್ಮವರಲ್ಲಿ ಹೀಗೆ ಬರಿಗೈಯಲ್ಲಿ ಊರಿಗೆ ಓಡುವವನು ಮಣ್ಣಿಗೆ ಹೋಗುವವನೊಬ್ಬನೇ.

“ಯಾರೂ ತೀರಿಕೊಂಡಿಲ್ಲಪ್ಪ” ಅಂದೆ. “ಎಲ್ಲರೂ ಇದ್ದಾರೆ. ಅದಕ್ಕೇ ಹೊರಟಿದ್ದೀನಿ.”

ಅವನಿಗೆ ಅರ್ಥವಾಗಲಿಲ್ಲ. ಕುಡಿಯಲು ಕಾಫಿ ತಂದುಕೊಟ್ಟ. ಅವನ ಕಾರಿನ ಮೇಲೆ ಬಟ್ಟೆ ಒಗೆಯುವ ಯಂತ್ರವಿದೆ, ಹಗ್ಗ ಸರಿಯಾಗಿ ಬಿಗಿದಿರಲಿಲ್ಲ. ಎದ್ದು ಹೋಗಿ ಬಿಚ್ಚಿ ದೋಣಿಯ ಗಂಟು ಹಾಕಿ ಬಂದೆ. ಆ ಗಂಟು ಸಡಿಲವಾಗುವುದಿಲ್ಲ, ಬೇಕಾದರೆ ಅವನನ್ನೇ ಕೇಳು. ಇದು ಜಂಬವಲ್ಲ.

ಈ ಪತ್ರಕ್ಕೆ ನಾನು ಅಂಚೆಚೀಟಿ ಹಚ್ಚುವುದಿಲ್ಲ. ನಾನೇ ತಂದು ಬಾಗಿಲಲ್ಲಿ ನಿನ್ನ ಕೈಗೆ ಕೊಡುತ್ತೇನೆ. ಯಾಕೆಂದರೆ ಬಾಯಿ ತೆರೆದರೆ ಅಕ್ಕನ ಮುಂದೆಯೂ ನಾನು ಹಡಗುಗಳ ಮಾಲೀಕನಾಗಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಆದ್ದರಿಂದ ನಾನು ಏನೂ ಮಾತಾಡದೆ ಹೊಸ್ತಿಲ ಹೊರಗೆ ನಿಂತಿರುತ್ತೇನೆ. ನೀನು ಒಳಗೆ ಹೋಗಿ ಅವಳಿಗೆ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳು, ಈ ಸಲ ಎಲ್ಲೂ ಮಡಿಸಬೇಡ.

ಓದಿ ಮುಗಿದ ಮೇಲೆ ಅವಳು ಏನಂದಳೆಂದು ನನಗೆ ಬರೆದು ತಿಳಿಸುವ ತೊಂದರೆ ನಿನಗಿಲ್ಲ. ಕೇಳಿಸುವಷ್ಟು ಹತ್ತಿರದಲ್ಲೇ ಇರುತ್ತೇನೆ.

ಮೊಂಜಿ